ಕರೆಯದೆ ಬಂದ ಅಳು

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಬಂದ ಮೊದಲ ಯುಗಾದಿ. ಮನೆ ತುಂಬ ನೆಂಟರು. ಚಿಕ್ಕಪ್ಪ ಬೇವುಬೆಲ್ಲ ಕೊಟ್ಟು "ಹೇಗಿದ್ದೀಯಾ ಅಣ್ಣ?" ಎಂದರು, ಅಷ್ಟೇ. ಅಪ್ಪನ ಮುಖ ಕಿವುಚಿಕೊಂಡಿತು, ಬಿಕ್ಕಿ ಬಿಕ್ಕಿ ಅತ್ತರು. ಮೇಷ್ಟ್ರಾಗಿದ್ದಾಗ ಹುಡುಗರು ಬೆತ್ತಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದುದು ಇವರ ಮೌನಕ್ಕೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ನೊಂದಿದೆಯೋ ಜೀವ" ಎಂದರು. ಅಪ್ಪ ಎಡಗೈ ಆಡಿಸಿ ಅಲ್ಲ, ಅಲ್ಲ ಎನ್ನುತ್ತಿದ್ದರು. ಅಳು ಬಂದಷ್ಟೇ ಬೇಗ ನಿಂತಿತು. "ದುಃಖವಿಲ್ಲ. ತಾನಾಗಿ ಬರುತ್ತದೆ" ಎಂದು ತೊದಲಿದರು.

ವೈದ್ಯರು ಹೇಳಿದ್ದೂ ಅದನ್ನೇ. ಅಳು, ನಗುವನ್ನು ಹಿಡಿತದಲ್ಲಿಡುವ ನರಮಾರ್ಗಗಳಿಗೆ ಪೆಟ್ಟಾದರೆ ಸಣ್ಣ ನೆಪವೂ ಸಾಕು. ಸಂತೈಸಿದರೆ ಇನ್ನಷ್ಟು ಉಕ್ಕುತ್ತದೆ, ಮಾತು ಬದಲಿಸಬೇಕು. ಖಿನ್ನತೆ ಬೇರೆ. ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರನ್ನು ಅದು ಕಾಡುತ್ತದೆ. ಊಟ ಸೇರದೆ, ನಿದ್ದೆ ಬಾರದೆ, ವ್ಯಾಯಾಮವೂ ಬೇಡವೆಂದು ದಿನಗಟ್ಟಲೆ ಗೋಡೆಯತ್ತ ಮುಖ ಮಾಡಿ ಮಲಗಿದರೆ ವೈದ್ಯರಿಗೆ ತಿಳಿಸಲೇಬೇಕು. ಎರಡಕ್ಕೂ ಔಷಧಿಯಿದೆ. ಕಣ್ಣೀರನ್ನು ಕಂಡು ಮರುಗುವ ನಾವು ಮೌನದ ಕಡೆಗೇ ಹೆಚ್ಚು ಕಣ್ಣಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಅಂದು ಒಬ್ಬಟ್ಟಿನ ಊಟವಾದ ಮೇಲೆ ಅಪ್ಪ ದೊಡ್ಡದಾಗಿ ಆಕಳಿಸಿದರು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಬಲಗೈ ಮೆಲ್ಲಗೆ ಮೇಲೆದ್ದಿತು! ಮೊಣಕೈ ಮಡಚಿತು, ಎದೆಯ ತನಕ ಬಂತು. ಬಾಯಿ ಮುಚ್ಚುತ್ತಲೇ ಮತ್ತೆ ತೊಡೆಗೆ ಜಾರಿತು. ಅಮ್ಮ ದೇವರ ಕೋಣೆಗೆ ಓಡಿದರು. ಅಪ್ಪ ಮಾತ್ರ ತಮ್ಮ ಕೈಯನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

ಮರುದಿನ ಫಿಸಿಯೋಥೆರಪಿಯ ಹುಡುಗಿ ವಿಷಯ ಬಿಡಿಸಿ ಹೇಳಿದಳು. ನಾವು ಬಯಸಿ ಕೈ ಎತ್ತುವ ದಾರಿ ಬೇರೆ, ಆಕಳಿಕೆಯ ಜೊತೆ ಅದು ತಾನಾಗಿ ಏಳುವ ದಾರಿ ಬೇರೆ. ಅಪ್ಪನಲ್ಲಿ ಕೆಟ್ಟಿರುವುದು ಮೊದಲನೆಯದು; ಆಕಳಿಸಿದಾಗ ಕೈ ಎದ್ದಿತೆಂದು ಅದು ಸರಿಹೋಯಿತೆನ್ನಲಾಗದು. ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರೀತು ಎಂದೂ ಎಚ್ಚರಿಸಿದಳು. ಅಮ್ಮನ ಮುಖ ಬಾಡಿತು.

ಅಪ್ಪ ಕೇಳಿದರು: "ಮೊದಲನೆಯ ದಾರಿ... ಆಗುತ್ತದೆಯೇ?"

"ಎಷ್ಟು ಆಗುತ್ತದೋ ಈಗಲೇ ಹೇಳಲಾರೆ, ಸರ್. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಿರಬೇಕು."

ಅಪ್ಪ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ವ್ಯಾಯಾಮಕ್ಕೆಂದು ಟವೆಲ್ ಕೇಳಿದರು.