ಹಿತ್ತಲ ಕೊಳ ಮತ್ತು ಆರು ಕೋಯಿ

ಹೊಸ ಮನೆಗೆ ಬಂದ ಮೂರನೇ ವಾರಕ್ಕೇ ಹಿತ್ತಲಲ್ಲಿ ಗುಂಡಿ ತೋಡಿಸಿದೆ. ಮೈಸೂರಿನ ಬೋಗಾದಿ ಕಡೆ ನಮ್ಮ ಸೈಟು. ಮನೆ ಕಟ್ಟಿ ಉಳಿದಿದ್ದು ಹಿಂದಿನ ಒಂದಿಷ್ಟು ಜಾಗ. ಅಲ್ಲಿ ತೆಂಗಿನ ಸಸಿ ಇಡೋಣ ಅಂತ ಇವರು, ಕರಿಬೇವು ಇರಲಿ ಅಂತ ಅಮ್ಮ. ನನಗೆ ಕೋಯಿ ಮೀನಿನ ಕೊಳ ಬೇಕೇ ಬೇಕಿತ್ತು.

ಆಸೆ ಹುಟ್ಟಿದ್ದು ಶೃಂಗೇರಿಯಲ್ಲಿ. ಅಮ್ಮನ ತವರು ಕೊಪ್ಪದ ಹತ್ತಿರ. ಬೇಸಿಗೆ ರಜೆಯಲ್ಲಿ ಅಜ್ಜ ನಮ್ಮನ್ನು ಶೃಂಗೇರಿಗೆ ಕರೆದುಕೊಂಡು ಹೋದರೆ ನಾನು ತುಂಗೆಯ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ನೀರು ಕಪ್ಪಾಗಿ ಕುದಿಯುವ ಹಾಗೆ ಮೀನುಗಳು ಮುತ್ತುತ್ತಿದ್ದವು. ಅಲ್ಲಿ ಅವನ್ನು ಯಾರೂ ಹಿಡಿಯುವುದಿಲ್ಲ.

ಕೋಯಿ ಕೂಡ ನಮ್ಮ ಗೆಂಡೆ ಮೀನಿನ ಬಳಗವೇ. ಜಪಾನಿನ ನೀಗಾಟ ಸೀಮೆಯ ಬೆಟ್ಟದ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಆಗೊಂದು ಈಗೊಂದು ಬಣ್ಣದ ಮರಿ ಹುಟ್ಟಿತು. ಅವನ್ನು ಬೇರೆ ಇಟ್ಟು, ತಲೆಮಾರುಗಟ್ಟಲೆ ಆರಿಸಿ ಆರಿಸಿ ಸಾಕಿದರು. 1914ರಲ್ಲಿ ಟೋಕಿಯೊದ ವಸ್ತುಪ್ರದರ್ಶನದಲ್ಲಿ ಇಟ್ಟ ಮೇಲೆ ಉಳಿದ ಊರುಗಳಿಗೂ ಈ ಮೀನಿನ ಹುಚ್ಚು ಹಿಡಿಯಿತು.

ಕೊಳ 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳ. ಸುಮಾರು 6,800 ಲೀಟರ್ ನೀರು. ಇಷ್ಟು ಆಳ ಯಾಕೆ ಅಂತ ಮೇಸ್ತ್ರಿ ಕೇಳಿದರು. ಕೋಯಿ ಎರಡಡಿವರೆಗೂ ಬೆಳೆಯುತ್ತವೆ, ಆಳ ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ನೀರು ಕಾದುಬಿಡುತ್ತೆ ಅಂದೆ. ಗಾರೆ ಕೆಲಸ ಮುಗಿದ ದಿನ ಅವರೇ ನನಗೊಂದು ಬುದ್ಧಿ ಹೇಳಿದರು. "ಅಕ್ಕಾ, ಹೊಸ ಸಿಮೆಂಟಿಗೆ ಮೀನು ಬಿಟ್ರೆ ಒಂದೂ ಉಳಿಯಲ್ಲ. ಬಾಳೆದಿಂಡು ಕೊಚ್ಚಿ ಹಾಕಿ ನೆನೆಸಿ." ಸಿಮೆಂಟಿನ ಸುಣ್ಣದ ಅಂಶ ನೀರಿಗಿಳಿದು ಕ್ಷಾರ ಜಾಸ್ತಿ ಮಾಡುತ್ತೆ. ಬಾಳೆದಿಂಡು ಹಾಕಿ ವಾರ ನೆನೆಸುವುದು, ಪೂರ್ತಿ ಖಾಲಿ ಮಾಡುವುದು, ಮತ್ತೆ ತುಂಬುವುದು. ಮೂರು ಸಲ ಹೀಗೆ ಮಾಡಿದ ಮೇಲೆ 9 ದಾಟಿದ್ದ ಪಿಎಚ್ (ನೀರಿನ ಕ್ಷಾರ ಎಷ್ಟು ಅನ್ನುವ ಅಳತೆ) 8ರ ಹತ್ತಿರ ಬಂತು.

ನೀಲಿ ಡ್ರಮ್ಮಿನಲ್ಲಿ ಸ್ಪಂಜು, ಹೆಂಚಿನ ಚೂರು ತುಂಬಿ ಫಿಲ್ಟರ್ ಮಾಡಿದ್ದಾಯಿತು. ಪಂಪು ಓಡಿತು. ಬೆಂಗಳೂರಿನಿಂದ ಗೇಣುದ್ದದ ಆರು ಮೀನು ಬಂದವು. ಬಿಳಿ ಮೈಮೇಲೆ ಕೆಂಪು ಮಚ್ಚೆಯ ಕೊಹಾಕು ನನ್ನ ಅಚ್ಚುಮೆಚ್ಚು. ಅಮ್ಮ ದಿನಾ ಮಂಡಕ್ಕಿ ಹಿಡಿದು ಕೊಳದ ಕಟ್ಟೆಗೆ ಬರುತ್ತಿದ್ದಳು. ನಾನೂ ಮೀನಿನ ಆಹಾರದ ಕಾಳು ಹಾಕುತ್ತಿದ್ದೆ. ಕೈ ಕಂಡರೆ ಬಾಯಿ ತೆರೆಯುವ ಮೀನಿಗೆ ಬೇಡ ಅನ್ನಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ.

ಒಂಬತ್ತನೇ ದಿನ, ಭಾನುವಾರ, ಬೆಳಗಿನ ಐದೂವರೆ. ಆರೂ ಮೀನು ಪೈಪಿನ ನೀರು ಬೀಳುವ ಕಡೆ ಸೇರಿ ಮೇಲೆ ಬಾಯಿ ಬಡಿಯುತ್ತಿದ್ದವು. ಕೊಹಾಕು ಒಂದು ಪಕ್ಕಕ್ಕೆ ವಾಲಿತ್ತು. ನೀರೋ ಕನ್ನಡಿಯ ಹಾಗಿತ್ತು. ಟೆಸ್ಟ್ ಕಿಟ್ಟಿನ ಕೊಳವೆಯಲ್ಲಿ ಮಾತ್ರ ಅಮೋನಿಯದ ಬಣ್ಣ ಕಡು ಹಸಿರಿಗೆ ತಿರುಗಿತು, ಅಂದರೆ ನೀರಿನಲ್ಲಿ ಆ ವಿಷ ಏರಿತ್ತು.

ಆಗ ನನಗೆ ಅರ್ಥವಾಯಿತು. ಮೀನಿನ ಮಲ, ಕೊಳೆತ ಆಹಾರದಿಂದ ಅಮೋನಿಯ ಹುಟ್ಟುತ್ತೆ, ಮೀನಿನ ಕಿವಿರಿನಿಂದಲೂ ನೀರಿಗೆ ಅದೇ ಸೇರುತ್ತೆ. ಅದನ್ನು ತಿಂದು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕಾರು ವಾರ ಬೇಕು. ನನ್ನ ಫಿಲ್ಟರಿಗೆ ಒಂಬತ್ತೇ ದಿನ. ಅದೂ ಕ್ಷಾರದ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಜಾಸ್ತಿ. ನಾನು ಮೀನಿಗೆ ಮನೆ ಕಟ್ಟಿದ್ದೆ, ಅದರ ನೀರನ್ನು ಸಾಕಿರಲಿಲ್ಲ.

ಇವರು ಅರ್ಧ ನೀರು ಹೊರಗೆ ಹಾಕಿದರು. ನಾನು ಕ್ಲೋರಿನ್ ತೆಗೆಯುವ ಔಷಧಿ ಬೆರೆಸಿ ಸಂಪಿನ ನೀರು ಬಿಟ್ಟೆ. ಕಾಳು ಪೂರ್ತಿ ಬಂದ್. ಎದುರು ಮನೆಯ ಹುಡುಗ ತನ್ನ ಹಳೇ ಅಕ್ವೇರಿಯಂನ ಸ್ಪಂಜು ಕಿತ್ತು ತಂದ. ಕಂದು ಲೋಳೆ ಸುರಿಯುತ್ತಿತ್ತು. ತೊಳೆಯಲು ಕೈ ಚಾಚಿದೆ. "ಆಂಟಿ, ತೊಳೀಬೇಡಿ! ಅದರಲ್ಲೇ ಇರೋದು ಬ್ಯಾಕ್ಟೀರಿಯಾ" ಅಂದ. ಹಾಗೇ ಡ್ರಮ್ಮಿಗೆ ಹಾಕಿದೆ. ಹೆಪ್ಪು ಹಾಕಿದ ಹಾಗೆ ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಕೊಹಾಕು ಸತ್ತಿತು. ಕರಿಬೇವಿನ ಸಸಿಯ ಬುಡದಲ್ಲಿ ಮಣ್ಣು ಮಾಡಿದೆವು. ಅಮ್ಮ ಬಹಳ ಹೊತ್ತು ಅಲ್ಲೇ ಕೂತಿದ್ದಳು. "ಹೊಳೆಯಲ್ಲಾದ್ರೆ ಎಲ್ಲಾ ಹರ್ಕೊಂಡು ಹೋಗ್ತಿತ್ತು ಕಣೇ. ಇಲ್ಲಿ ಎಲ್ಲಿಗೆ ಹೋಗ್ಬೇಕು?" ಅಂದಳು.

ಮುಂದಿನ ವಾರಗಳಲ್ಲಿ ದಿನಾ ನೀರು ಬದಲಿಸಿದೆ. ಅಮೋನಿಯ ಇಳಿದು ನೈಟ್ರೈಟ್ ಏರಿದಾಗ ಸಾವಿರ ಲೀಟರಿಗೆ ಒಂದು ಕಿಲೋದಂತೆ ಕಲ್ಲುಪ್ಪು ಕರಗಿಸಿ ಹಾಕಿದೆ; ನೈಟ್ರೈಟ್ ಕೂಡ ವಿಷವೇ, ಅದು ಮೀನಿನ ಮೈ ಸೇರುವುದನ್ನು ಉಪ್ಪು ತಡೆಯುತ್ತೆ. ಐದನೇ ವಾರ ಎರಡೂ ಸೊನ್ನೆಗೆ ಬಂದವು. ಐದೂ ಮೀನು ಉಳಿದವು.

ಈಗ ವಾರಕ್ಕೊಮ್ಮೆ ತೆಗೆದ ನೀರನ್ನು, ಉಪ್ಪು ಪೂರ್ತಿ ಹೋದ ಮೇಲೆ, ಕರಿಬೇವಿಗೂ ತೆಂಗಿನ ಸಸಿಗೂ ಬಿಡುತ್ತೇವೆ. ಅಮ್ಮ ಮಂಡಕ್ಕಿ ಬಿಟ್ಟು ಕಾಳನ್ನು ಚಮಚದಲ್ಲಿ ಅಳೆದು ತರುತ್ತಾಳೆ. ಕಟ್ಟೆಯ ಮೇಲೆ ಕೂತು, ಹಾಕುವ ಮುಂಚೆ ನನ್ನ ಕಡೆ ತಿರುಗಿ ಕೇಳುತ್ತಾಳೆ, "ಇವತ್ತು ನೀರು ನೋಡಿದ್ಯಾ?"