ಬೀಳುತ್ತಾರೆ ಅಂತ ಗೊತ್ತಿದ್ದೂ ಮತ್ತೆ ನೋಡುವುದೇಕೆ?

ಹಳೆಯ ಸಿಟ್‌ಕಾಮ್‌ಗಳ, ಅಂದರೆ ಟಿವಿಯ ಹಾಸ್ಯ ಧಾರಾವಾಹಿಗಳ, ಹುಚ್ಚಿರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. 'ಎಡವೋದು, ಬೀಳೋದು, ಮುಖಕ್ಕೆ ಏನಾದರೂ ಮೆತ್ತಿಕೊಳ್ಳೋದು. ಒಂದು ಸಲ ನೋಡಿದರೆ ಮುಗೀತಲ್ಲ ಮಾರಾಯ್ರೆ, ಅದನ್ನೇ ಇಪ್ಪತ್ತನೇ ಸಲ ನೋಡಿ ನಗೋದು ಹೇಗೆ?'

ಮಾತಿನ ಜೋಕಿನ ಮಟ್ಟಿಗೆ ಈ ಅನುಮಾನ ಸರಿ. ಕೊನೆಯ ಸಾಲು ಗೊತ್ತಿರುವ ಜೋಕಿಗೆ ಎರಡನೇ ಸಲ ಅರ್ಧ ನಗು, ಮೂರನೇ ಸಲ ಮರ್ಯಾದೆಗೆ ನಗು. ದೇಹದಿಂದ ಮಾಡುವ ಹಾಸ್ಯದ ಲೆಕ್ಕ ಬೇರೆ. ಬೀಳುವುದಕ್ಕೆ ಮುಂಚಿನ ಕೆಲವು ಸೆಕೆಂಡುಗಳಲ್ಲೇ ಅದರ ಮುಕ್ಕಾಲು ರುಚಿ ಇರುತ್ತದೆ. ಬೀಳುವುದು ನಮಗೆ ಗೊತ್ತು, ಬೀಳುವವರಿಗೆ ಗೊತ್ತಿಲ್ಲ. ಆ ಸೆಕೆಂಡುಗಳನ್ನು ಸವಿಯಬೇಕಾದರೆ ಮುಂದೇನಾಗುತ್ತದೆಂದು ಗೊತ್ತಿರಲೇಬೇಕು. ಹಾಗಾಗಿ ಮೊದಲ ಸಲ ನೋಡುವವರಿಗಿಂತ ಎರಡನೇ ಸಲ ನೋಡುವವರೇ ಪುಣ್ಯವಂತರು.

ಇದನ್ನು ಬಿಡಿಸಿ ನೋಡಲು 'ಐ ಲವ್ ಲೂಸಿ'ಗಿಂತ ಒಳ್ಳೆಯ ಜಾಗವಿಲ್ಲ. ಅಮೆರಿಕದ ಸಿಬಿಎಸ್‌ನಲ್ಲಿ 1951ರಿಂದ 1957ರವರೆಗೆ ಬಂದ ಧಾರಾವಾಹಿ. ಅದರ 'ಜಾಬ್ ಸ್ವಿಚಿಂಗ್' ಎಂಬ ಕಂತು 1952ರ ಸೆಪ್ಟೆಂಬರ್ 15ರಂದು ಪ್ರಸಾರವಾಯಿತು. ದುಡಿಯುವುದು ಕಷ್ಟವೋ ಮನೆ ನಡೆಸುವುದು ಕಷ್ಟವೋ ಎಂಬ ಜಗಳದಲ್ಲಿ ಗಂಡಂದಿರು ಅಡುಗೆಮನೆ ಸೇರುತ್ತಾರೆ, ಹೆಂಡಂದಿರು ಕೆಲಸ ಹುಡುಕಿಕೊಂಡು ಚಾಕೊಲೇಟ್ ಕಾರ್ಖಾನೆ ಸೇರುತ್ತಾರೆ. ಲೂಸಿಯಾಗಿ ಲೂಸಿಲ್ ಬಾಲ್, ಪಕ್ಕದ ಮನೆಯ ಎಥೆಲ್ ಆಗಿ ವಿವಿಯನ್ ವ್ಯಾನ್ಸ್. ಬೆಲ್ಟಿನ ಮೇಲೆ ಸಾಲಾಗಿ ಬರುವ ಚಾಕೊಲೇಟುಗಳಿಗೆ ಇವರಿಬ್ಬರೂ ಕಾಗದ ಸುತ್ತಬೇಕು.

ಆ ದೃಶ್ಯ ಕಟ್ಟಿರುವ ಕ್ರಮ ನೋಡಿ. ಮೊದಲು ಮೇಲ್ವಿಚಾರಕಿ ಬಂದು ನಿಯಮ ಹೇಳುತ್ತಾಳೆ: ಕಾಗದ ಸುತ್ತದ ಒಂದೇ ಒಂದು ಚಾಕೊಲೇಟ್ ಪ್ಯಾಕಿಂಗ್ ಕೋಣೆಗೆ ಹೋದರೂ ಕೆಲಸ ಹೋಯಿತು. ಈ ಒಂದು ಸಾಲು ಇಲ್ಲದಿದ್ದರೆ ದೃಶ್ಯವೇ ಇಲ್ಲ. ಬಿಟ್ಟದ್ದು ಬಿಟ್ಟಿತು ಅಂತ ಇಬ್ಬರೂ ಸುಮ್ಮನಿರಬಹುದಿತ್ತು. ಆಮೇಲೆ ಬೆಲ್ಟು ನಿಧಾನವಾಗಿ ಶುರುವಾಗುತ್ತದೆ. ಇಬ್ಬರೂ ಆರಾಮಾಗಿ ಸುತ್ತುತ್ತಾರೆ, ಇಷ್ಟೇನಾ ಅನ್ನುತ್ತಾರೆ. ಅವಸರಪಟ್ಟು ಈ ಭಾಗವನ್ನು ಕತ್ತರಿಸಿದ್ದರೆ ಮುಂದಿನ ನಗು ಅರ್ಧವಾಗುತ್ತಿತ್ತು. ಕೆಲಸ ಸರಿಯಾಗಿ ಆಗುವುದನ್ನು ನೋಡುಗನ ಕಣ್ಣಿಗೆ ಒಂದು ಸಲ ತೋರಿಸಿದ್ದರಷ್ಟೇ ಅದು ಕೆಡುವುದು ಗೊತ್ತಾಗುತ್ತದೆ. ನಂತರ ವೇಗ ಏರುತ್ತದೆ. ತಪ್ಪಿದ್ದನ್ನು ಬೆಲ್ಟಿನಿಂದ ಎತ್ತಿ ಒಂದು ಕಡೆ ಗುಡ್ಡೆ ಹಾಕುತ್ತಾರೆ, ಅದೂ ಸಾಲದಾದಾಗ ಬಾಯಿಗೆ, ಆಮೇಲೆ ಟೋಪಿಯೊಳಕ್ಕೆ, ಆಮೇಲೆ ಉಡುಪಿನೊಳಕ್ಕೆ.

ಇಲ್ಲಿ ಲೂಸಿಲ್ ಬಾಲ್ ಕೈಗಳನ್ನೇ ನೋಡಬೇಕು. ಕೊನೆಯವರೆಗೂ ಆ ಕೈಗಳು ಕೆಲಸ ಮಾಡಲು ನಿಜವಾಗಿ ಹೆಣಗುತ್ತಿರುತ್ತವೆ. 'ನೋಡಿ ನಾನೆಷ್ಟು ತಮಾಷೆ' ಎಂದು ಪ್ರೇಕ್ಷಕರ ಕಡೆ ತಿರುಗುವುದಿಲ್ಲ. ಮೇಲ್ವಿಚಾರಕಿ ಮತ್ತೆ ಒಳಬಂದಾಗ ಕೈಗಳು ತಟ್ಟನೆ ನಿಲ್ಲುತ್ತವೆ, ಉಳಿಯುವುದು ಉಬ್ಬಿದ ಕೆನ್ನೆ ಮತ್ತು ಪಾಪದ ಕಣ್ಣು. ಖಾಲಿ ಬೆಲ್ಟು ನೋಡಿದ ಮೇಲ್ವಿಚಾರಕಿ ಭೇಷ್ ಎಂದು ಮೆಚ್ಚಿ, ಒಳಗಿನವರಿಗೆ 'ಸ್ವಲ್ಪ ಜೋರು ಮಾಡ್ರಿ' ಅಂತ ಕೂಗುತ್ತಾಳೆ. ಮೋಸ ಯಶಸ್ವಿಯಾದದ್ದೇ ಶಿಕ್ಷೆ.

ಅದೇ ಕಂತಿನಲ್ಲಿ ಇದಕ್ಕೆ ಮುಂಚೆ ಬರುವ ಇನ್ನೊಂದು ತುಣುಕು ಅಭಿಮಾನಿಗಳಲ್ಲದವರ ಕಣ್ಣಿಗೆ ಬೀಳುವುದು ಕಡಿಮೆ. ಚಾಕೊಲೇಟ್ ಅದ್ದುವ ಮೇಜಿನಲ್ಲಿ ಲೂಸಿಯ ಪಕ್ಕ ಕುಳಿತವಳು ನಟಿಯಲ್ಲ, ನಿಜವಾಗಿಯೂ ಆ ಕಸುಬು ಮಾಡುತ್ತಿದ್ದ ಹೆಂಗಸು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ, ಕೈ ಮಾತ್ರ ಯಂತ್ರದ ಹಾಗೆ ಓಡುತ್ತದೆ. ಲೂಸಿ ಅವಳನ್ನು ನೋಡಿ ನೋಡಿ ಅನುಕರಿಸುತ್ತಾಳೆ, ಆಮೇಲೆ ಒಂದು ನೊಣದ ದೆಸೆಯಿಂದ ಅವಳ ಮುಖಕ್ಕೆ ಬಾರಿಸುತ್ತಾಳೆ, ತಿರುಗಿ ಬಾರಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಇನ್ನೊಬ್ಬ ಹಾಸ್ಯನಟಿ ಕೂತಿದ್ದರೆ ಇಬ್ಬರೂ ಪೈಪೋಟಿಗೆ ಬಿದ್ದು ಕೆಡಿಸುತ್ತಿದ್ದರು. ಕಲ್ಲಿನಂಥ ಒಂದು ಮುಖ ಪಕ್ಕದಲ್ಲಿದ್ದರೆ ಆಟ ತಾನಾಗಿ ಎದ್ದು ಕಾಣುತ್ತದೆ.

ಇವೆಲ್ಲ ಸೆಟ್ಟಿನಲ್ಲಿ ಹೊಳೆದ ಚೇಷ್ಟೆಗಳು ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಎಲ್ಲ ಬರೆದಿಟ್ಟದ್ದು. ಧಾರಾವಾಹಿಯ ಬರಹಗಾರರಾದ ಮ್ಯಾಡೆಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್ ಜೂನಿಯರ್ ಚಿತ್ರಕಥೆಯಲ್ಲಿ ಮಾತಿಲ್ಲದ ಕ್ರಿಯೆಯನ್ನೆಲ್ಲ ದೊಡ್ಡಕ್ಷರದಲ್ಲಿ ಟೈಪ್ ಮಾಡುತ್ತಿದ್ದರು. ಪುಟದ ಆ ಭಾಗ ಗಾಢವಾಗಿ ಕಾಣುತ್ತಿದ್ದರಿಂದ ತಂಡದವರು ಅದಕ್ಕೆ 'ಕಪ್ಪು ಸಾಮಾನು' ಅನ್ನುವ ಅರ್ಥದ ಹೆಸರಿಟ್ಟಿದ್ದರು. ಹೆಂಗಸೊಬ್ಬಳ ಮೈಗೆ ಅದು ಸಾಧ್ಯವೋ ಇಲ್ಲವೋ ಎಂದು ನೋಡಲು ಪ್ಯೂ ತಾವೇ ಮೊದಲು ಮಾಡಿ ನೋಡುತ್ತಿದ್ದರು. ಒಂದೇ ಗಾಲಿಯ ಸೈಕಲ್ ಹತ್ತಿ ಗೋಡೆಗೆ ಗುದ್ದಿಕೊಂಡ ಮೇಲೆ ಆ ಯೋಚನೆಯನ್ನು ಕೈಬಿಟ್ಟರು. ಲೂಸಿಲ್ ಬಾಲ್ ಅಂತೂ ವಸ್ತು ಕೈಗೆ ಒಗ್ಗುವ ತನಕ ಬಿಡುತ್ತಿರಲಿಲ್ಲ. ಎಂಜಿಎಂ ಸ್ಟುಡಿಯೋದಲ್ಲಿದ್ದ ದಿನಗಳಲ್ಲಿ ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಅವರಿಂದ ಕಲಿತ ಪಾಠ ಅದು.

ಕ್ಯಾಮೆರಾದ ವಿಷಯ ಹೇಳದಿದ್ದರೆ ಉತ್ತರ ಅರ್ಧವೇ. ಈ ಧಾರಾವಾಹಿಯನ್ನು ಸುಮಾರು 300 ಜನ ಪ್ರೇಕ್ಷಕರ ಎದುರು, ನಾಟಕದ ಹಾಗೆ, ಮೂರು 35 ಎಂಎಂ ಫಿಲ್ಮ್ ಕ್ಯಾಮೆರಾಗಳಿಂದ ಒಟ್ಟಿಗೆ ಚಿತ್ರಿಸುತ್ತಿದ್ದರು. ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್. 'ಮೆಟ್ರೊಪೊಲಿಸ್'ಗೆ, 1931ರ 'ಡ್ರಾಕುಲಾ'ಗೆ ಕ್ಯಾಮೆರಾ ಹಿಡಿದವರು. ಸಾಮಾನ್ಯವಾಗಿ ದೂರದ ನೋಟಕ್ಕೊಂದು ಬೆಳಕು, ಹತ್ತಿರದ ನೋಟಕ್ಕೊಂದು ಬೆಳಕು ಬೇಕು. ಮೂರನ್ನೂ ಒಟ್ಟಿಗೆ ಓಡಿಸುವುದಾದರೆ ನಡುವೆ ದೀಪ ಬದಲಿಸುವ ಹಾಗಿಲ್ಲ. ಅದಕ್ಕೆ ಅವರು ಮೇಲಿನಿಂದ ಸೆಟ್ಟಿನ ತುಂಬ ಒಂದೇ ಸಮನೆ ಬೆಳಕು ಚೆಲ್ಲಿದರು. ಕಲಾತ್ಮಕ ನೆರಳು ಹೋಯಿತು ನಿಜ. ಆದರೆ ಲೂಸಿ ಎಲ್ಲಿಗೆ ಓಡಿದರೂ, ಎಲ್ಲಿ ಬಿದ್ದರೂ ಕಾಣುತ್ತಾಳೆ, ಮತ್ತು ಒಂದೇ ಸಲ ಮಾಡಿದ ಕ್ರಿಯೆ ಮೂರು ದೂರದಿಂದಲೂ ಸಿಗುತ್ತದೆ. ಬೀಳುವುದನ್ನು ಎರಡೆರಡು ಸಲ ಮಾಡಿಸಿ ಜೋಡಿಸಿದರೆ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಆ ಕಾಲದ ಬೇರೆ ನೇರಪ್ರಸಾರಗಳನ್ನು ಟಿವಿ ಪರದೆಯಿಂದಲೇ ಫಿಲ್ಮಿಗೆ ಇಳಿಸಿಕೊಳ್ಳುತ್ತಿದ್ದರು, ಅವು ಈಗ ಮಂಜಿನೊಳಗೆ ನಡೆಯುವ ಹಾಗೆ ಕಾಣುತ್ತವೆ. ಲೂಸಿಯ ಕೆನ್ನೆಯೊಳಗಿನ ಚಾಕೊಲೇಟ್ ಮಾತ್ರ ಇವತ್ತಿಗೂ ಸ್ಪಷ್ಟ.

'ಆ ನಗುವೆಲ್ಲ ಡಬ್ಬಿ ನಗು' ಅನ್ನುವ ಆರೋಪಕ್ಕೂ ಇಲ್ಲೇ ಒಂದು ಮಾತು. ಮೊದಲೇ ಮುದ್ರಿಸಿದ ನಗುವನ್ನು ಗುಂಡಿ ಒತ್ತಿ ಸೇರಿಸುವ ಪೆಟ್ಟಿಗೆಯನ್ನು ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಮಾಡಿದ್ದು 1950ರ ದಶಕದಲ್ಲಿ, ಅನೇಕ ಧಾರಾವಾಹಿಗಳು ಅದನ್ನು ಬಳಸಿದ್ದೂ ನಿಜ. ಲೂಸಿಯ ಬಳಿ ಅಲ್ಲಿ ಕೂತಿದ್ದ ಜನರೇ ಇದ್ದರು. ವ್ಯತ್ಯಾಸ ಹಿಡಿಯುವುದು ಸುಲಭ. ಎದುರಿಗೆ ಜನ ಇದ್ದರೆ ನಗು ಏರಿ ಇಳಿಯುವ ತನಕ ನಟರು ಮುಂದಿನ ಹೆಜ್ಜೆ ಇಡದೆ ಅದೇ ಭಂಗಿಯಲ್ಲಿ ಕಾಯುತ್ತಾರೆ. ಡಬ್ಬಿ ನಗು ಇದ್ದಲ್ಲಿ ನಟರು ತಮ್ಮ ಪಾಡಿಗೆ, ನಗು ತನ್ನ ಪಾಡಿಗೆ.

ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬಂದರೆ, ಬೀಳುವ ವಿದ್ಯೆಯ ಪಾಠಕ್ಕೆ ಎರಡೇ ಸೆಕೆಂಡು ಸಾಕು. 1989ರ ಜನವರಿ 8ರಂದು ಬಿಬಿಸಿಯಲ್ಲಿ ಬಂದ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್'ನ 'ಯಪ್ಪಿ ಲವ್' ಕಂತು. ಡೆಲ್ ಬಾಯ್ (ಡೇವಿಡ್ ಜೇಸನ್) ಬಾರಿನ ಕೌಂಟರಿಗೆ ಒರಗಿ, ಗೆಳೆಯ ಟ್ರಿಗರ್‌ಗೆ ಹೆಣ್ಣುಮಕ್ಕಳ ಎದುರು ಹೇಗೆ ಠೀವಿಯಿಂದಿರಬೇಕು ಎಂದು ಬೋಧಿಸುತ್ತಿದ್ದಾನೆ. ಒಂದು ಹೆಜ್ಜೆ ಆಚೆ ಹೋದಾಗ ಬಾರಿನ ಹುಡುಗ ಕೌಂಟರಿನ ಮಡಚುವ ಹಲಗೆಯನ್ನು ಎತ್ತಿ ಹೊರಬರುತ್ತಾನೆ. ಡೆಲ್ ತಿರುಗಿ ಒರಗಲು ಹೋಗುತ್ತಾನೆ. ಒರಗಲು ಏನೂ ಇಲ್ಲ.

ಮೈ ಇರುವ ಯಾರೇ ಆದರೂ ಹಾಗೆ ಬೀಳುವಾಗ ಮೂರು ಕೆಲಸ ಮಾಡುತ್ತಾರೆ: ಬೀಳುವ ಕಡೆ ನೋಡುತ್ತಾರೆ, ಆ ಕಡೆಯ ಕೈ ಚಾಚುತ್ತಾರೆ, ಕಾಲು ಸರಿಸಿ ತೂಕ ಹಿಡಿಯುತ್ತಾರೆ. ಜೇಸನ್ ಮೂರನ್ನೂ ಮಾಡುವುದಿಲ್ಲ. ಕಣ್ಣು ಕೊನೆಯ ತನಕ ಎದುರಿಗೇ ನೆಟ್ಟಿರುತ್ತದೆ, ಪಾದ ಅಲುಗುವುದಿಲ್ಲ, ಮರ ಉರುಳಿದ ಹಾಗೆ ಮೈ ಪಕ್ಕಕ್ಕೆ ಹೋಗುತ್ತದೆ. ಕೌಂಟರಿನ ಹಿಂದೆ ಮೆತ್ತೆ ಹಾಕಿತ್ತು. ಆದರೆ ಮೆತ್ತೆ ಇದೆಯೆಂದು ಬುದ್ಧಿಗೆ ಗೊತ್ತಿದ್ದರೂ ಮೈಗೆ ಗೊತ್ತಿರುವುದಿಲ್ಲ. ಕೈ ತಾನಾಗಿ ಚಾಚುತ್ತದೆ. ಆ ಸ್ವಭಾವವನ್ನು ಅಡಗಿಸುವುದೇ ಕಸುಬು. ಬರೆದ ಜಾನ್ ಸಲಿವನ್ ನಿಜಜೀವನದಲ್ಲಿ ಕಂಡಿದ್ದ ಮನುಷ್ಯ ಅರ್ಧದಲ್ಲಿ ಸಾವರಿಸಿಕೊಂಡಿದ್ದ. ಪೂರ್ತಿ ಬೀಳಬೇಕೆಂದು ಹಟ ಹಿಡಿದವರು ಜೇಸನ್. ಸಾವರಿಸಿಕೊಂಡಿದ್ದರೆ ಈಗ ಯಾರಿಗೂ ನೆನಪಿರುತ್ತಿರಲಿಲ್ಲ ಅಂತಲೇ ನಮ್ಮ ಎಣಿಕೆ.

ನಮ್ಮ ಕಡೆಯ ಕಾಮಿಡಿ ಧಾರಾವಾಹಿಗಳಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಬೀಳುವವರು ಬೀಳುವ ಮುಂಚೆಯೇ ಬಿದ್ದ ಮುಖ ಮಾಡಿರುತ್ತಾರೆ. ಬೀಳುವ ಅರ್ಧದಲ್ಲಿ ಕತ್ತರಿಸಿ ಮುಖ ತೋರಿಸುತ್ತಾರೆ, ಮೈ ನೆಲ ಮುಟ್ಟಿದ್ದನ್ನು ನಾವು ನೋಡುವುದೇ ಇಲ್ಲ. ಅದರ ಮೇಲೆ 'ಟೊಂಯ್' ಎಂಬ ಸದ್ದು, ಒಂದೇ ಮುಖಕ್ಕೆ ಮೂರು ಸಲ ಝೂಮ್. ನಗಬೇಕಾದ ಜಾಗಕ್ಕೆ ಬೋರ್ಡು ಹಾಕಿದ ಹಾಗೆ. ನಟರಿಗೆ ಬರುವುದಿಲ್ಲವೆಂದಲ್ಲ, ದಿನಕ್ಕೊಂದು ಕಂತು ಮುಗಿಸುವವರಿಗೆ ಮೆತ್ತೆ ಹಾಕಿ ಹತ್ತು ಸಲ ತಾಲೀಮು ಮಾಡುವ ಪುರುಸೊತ್ತೆಲ್ಲಿ.

ತಾಲೀಮು ಅಂದಾಗ ಬ್ರಿಟನ್ನಿನದೇ ಇನ್ನೊಂದು ಧಾರಾವಾಹಿ 'ಫಾಲ್ಟಿ ಟವರ್ಸ್' ನೆನಪಾಗುತ್ತದೆ. 1975 ಮತ್ತು 1979ರಲ್ಲಿ ಬಂದದ್ದು ಬರೀ 12 ಕಂತು. 'ಗೂರ್ಮೆ ನೈಟ್' ಕಂತಿನಲ್ಲಿ ಹೋಟೆಲ್ ಮಾಲೀಕ ಬೇಸಿಲ್ (ಜಾನ್ ಕ್ಲೀಸ್) ಊಟ ತರುವ ದಾರಿಯಲ್ಲಿ ಕೆಂಪು ಆಸ್ಟಿನ್ 1100 ಕೈಕೊಡುತ್ತದೆ. ಅವನು ಕಾರಿಗೆ ಬೈದು, ಎಚ್ಚರಿಕೆ ಕೊಟ್ಟು, ಮೂರರ ತನಕ ಎಣಿಸಿ, ಇಳಿದು ಚೌಕಟ್ಟಿನಿಂದಾಚೆ ಓಡುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಪರದೆಯಲ್ಲಿ ಸುಮ್ಮನೆ ನಿಂತ ಕಾರು. ಅವನು ಒಂದು ಮರದ ಕೊಂಬೆ ಹಿಡಿದು ಮರಳಿ ಓಡಿ ಬಂದು ಕಾರಿಗೆ ಬಾರಿಸುತ್ತಾನೆ. ಸರಿಯಾದ ಕೊಂಬೆಗಾಗಿ ಹುಡುಕಾಡಬೇಕಾಯಿತೆಂದು ಕ್ಲೀಸ್ ಹೇಳಿದ್ದಾರೆ: ತೀರಾ ಗಟ್ಟಿಯಾದರೆ ಹೊಡೆತ ನಿಜವಾಗಿಬಿಡುತ್ತದೆ, ತೀರಾ ಮೆತ್ತಗಾದರೆ ಕೋಪ ಸುಳ್ಳಾಗುತ್ತದೆ, ಬಳುಕಿಯೂ ಬಳುಕದ ಹಾಗಿರಬೇಕು. ಅಭಿಮಾನಿಗಳು ಕೊಂಬೆಯ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು ಅಂದರೆ ನಗಬೇಡಿ.

ಎಡವಟ್ಟುಗಳೂ ಆಗಿವೆ, ಅವು ತಮಾಷೆಯಲ್ಲ. ಅದೇ ಧಾರಾವಾಹಿಯ 'ದಿ ಜರ್ಮನ್ಸ್' ಕಂತಿನಲ್ಲಿ ಬೆಂಕಿಯಿಂದ ಹೊರಬಂದ ಮಾಣಿ ಮ್ಯಾನುಯೆಲ್‌ನ ಕೋಟಿನಿಂದ ಹೊಗೆ ಬರಬೇಕಿತ್ತು. ಅದಕ್ಕೆ ಬಟ್ಟೆಗೆ ಹಚ್ಚಿದ ರಾಸಾಯನಿಕ ಒಳಕ್ಕೆ ಇಳಿದು ನಟ ಆಂಡ್ರ್ಯೂ ಸ್ಯಾಕ್ಸ್‌ಗೆ ಸುಟ್ಟ ಗಾಯಗಳಾದವು. ಲೂಸಿಯ ದ್ರಾಕ್ಷಿ ತುಳಿಯುವ ಕಂತಿನಲ್ಲಿ (1956ರ ಏಪ್ರಿಲ್ 16) ತೊಟ್ಟಿಯೊಳಗಿನ ಜಗಳಕ್ಕೆ ಎದುರಾಳಿಯಾಗಿದ್ದ ಹೆಂಗಸು ತಲೆಯನ್ನು ಒತ್ತಿಹಿಡಿದು ಬಿಡಲೇ ಇಲ್ಲ, ಉಸಿರು ಕಟ್ಟಿತು ಎಂದು ಲೂಸಿಲ್ ಬಾಲ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡರು.

ಮಾತಿನ ಹಾಸ್ಯಕ್ಕೆ ಹೆಸರಾದ ಧಾರಾವಾಹಿಯೊಳಗೂ ಈ ವಿದ್ಯೆ ಹೊಕ್ಕಿದೆ. 'ಫ್ರೇಜರ್'ನ 1999ರ 'ತ್ರೀ ವ್ಯಾಲೆಂಟೈನ್ಸ್' ಕಂತಿನ ಆರಂಭದಲ್ಲಿ ನೈಲ್ಸ್ (ಡೇವಿಡ್ ಹೈಡ್ ಪಿಯರ್ಸ್) ಒಬ್ಬನೇ ಮನೆಯಲ್ಲಿ ಪ್ಯಾಂಟು ಇಸ್ತ್ರಿ ಮಾಡುತ್ತಾನೆ. ಹೆಚ್ಚುಕಡಿಮೆ ಮಾತೇ ಇಲ್ಲ. ಒಂದು ಎಳೆ ದಾರ, ಅದಕ್ಕೆ ಕತ್ತರಿ, ಕತ್ತರಿಯಿಂದ ಬೆರಳಿಗೆ ಗಾಯ, ರಕ್ತ ಕಂಡರೆ ಮೂರ್ಛೆ, ಸೋಫಾದ ಮೇಲೆ ಕಲೆ, ಕಲೆ ತೆಗೆಯುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಹೊಗೆ. ಪ್ರತಿ ಅನಾಹುತವೂ ಹಿಂದಿನ ಅನಾಹುತವನ್ನು ಅಚ್ಚುಕಟ್ಟಾಗಿ ಸರಿಮಾಡಲು ಹೋಗಿಯೇ ಹುಟ್ಟಿದ್ದು. ಅಜಾಗರೂಕ ಮನುಷ್ಯನಿಂದ ಈ ದೃಶ್ಯ ಆಗುತ್ತಿರಲಿಲ್ಲ.

ಗೊತ್ತಿದ್ದರೂ ಕಾಯುವ ಸುಖವನ್ನೇ ಆಟ ಮಾಡಿಕೊಂಡವರೂ ಇದ್ದಾರೆ. 'ದಿ ಡಿಕ್ ವ್ಯಾನ್ ಡೈಕ್ ಶೋ' (1961–66) ಶೀರ್ಷಿಕೆಯಲ್ಲಿ ನಾಯಕ ಬಾಗಿಲಿಂದ ಬಂದು ಕಾಲಿಡುವ ಮೆತ್ತನೆಯ ಸ್ಟೂಲಿಗೆ ಎಡವಿ ಪಲ್ಟಿ ಹೊಡೆಯುತ್ತಿದ್ದ. ಆಮೇಲೆ ಇನ್ನೂ ಎರಡು ಬಗೆ ಚಿತ್ರಿಸಿದರು. ಒಂದರಲ್ಲಿ ಸ್ಟೂಲು ತಪ್ಪಿಸಿ ಹೋಗುತ್ತಾನೆ, ಇನ್ನೊಂದರಲ್ಲಿ ಸ್ಟೂಲು ತಪ್ಪಿಸಿ ಬೇರೆ ಕಡೆ ಮುಗ್ಗರಿಸುತ್ತಾನೆ. ಈ ವಾರ ಯಾವುದು ಎಂದು ಮೊದಲೇ ಹೇಳಲಾಗದು. ಬೀಳದಿದ್ದರೂ ನಗು ಬರುತ್ತದೆ, ಯಾಕೆಂದರೆ ಬೀಳುವುದು ನಮ್ಮ ತಲೆಯಲ್ಲಿ ಆಗಲೇ ನಡೆದುಹೋಗಿರುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಚಾಕೊಲೇಟ್ ಬೆಲ್ಟಿನಿಂದ ಮಾಡಿ. ಒಂದು ಸಲ ಹಾಗೇ ನೋಡಿ, ಇನ್ನೊಂದು ಸಲ ಸದ್ದು ಪೂರ್ತಿ ತೆಗೆದು ನೋಡಿ, ಮೂರನೇ ಸಲ ಲೂಸಿಯನ್ನು ಬಿಟ್ಟು ಎಥೆಲ್‌ಳನ್ನಷ್ಟೇ ನೋಡಿ. ಡೆಲ್ ಬಾಯ್ ಬೀಳುವುದನ್ನು ನೋಡುವಾಗಲೂ ಇದೇ ಕ್ರಮ. ಜೇಸನ್ ಮಾಡುವುದನ್ನೆಲ್ಲ ನೋಡಿ ಮುಗಿದ ಮೇಲೆ, ರೋಜರ್ ಲಾಯ್ಡ್ ಪ್ಯಾಕ್ ಮಾಡುವ ಟ್ರಿಗರ್ ಕಡೆ ಕಣ್ಣು ಹಾಯಿಸಿ. ಡೆಲ್ ಬೀಳುವಾಗ ಅವನು ಬೇರೆಲ್ಲೋ ನೋಡುತ್ತಿರುತ್ತಾನೆ. ತಿರುಗಿದರೆ ಪಕ್ಕದಲ್ಲಿದ್ದವನು ಇಲ್ಲ. ಬಾಗಿಲ ಕಡೆ ನೋಡುತ್ತಾನೆ, ಇಷ್ಟು ಬೇಗ ಎಲ್ಲಿ ಹೋದ ಅಂತ.