ಚಿಕ್ಕಮಗಳೂರಿನಿಂದ ಮಂಗಳೂರಿಗೆ: ಕಡಲಿಗೆ ಒಂದು ಸಂಜೆ ಸಾಲದು

ನಮ್ಮ ಚಿಕ್ಕಮಗಳೂರಿನ ಕಡೆಯವರು ಮಂಗಳೂರಿಗೆ ಹೋಗುವ ಕ್ರಮ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಧರ್ಮಸ್ಥಳದಲ್ಲಿ ದರ್ಶನ, ಮಧ್ಯಾಹ್ನ ಅಲ್ಲೇ ಊಟ, ಸಂಜೆ ಪಣಂಬೂರಿನಲ್ಲಿ ಕಾಲು ನೆನೆಸಿಕೊಂಡು ರಾತ್ರಿಯೇ ಘಟ್ಟ ಹತ್ತುವುದು. ಹೀಗೆ ಹೋದರೆ ಮಕ್ಕಳಿಗೆ ಕಡಲು ತೋರಿಸಿದ ಸಮಾಧಾನವಷ್ಟೇ ಸಿಗುತ್ತದೆ. ಮಂಗಳೂರಿಗೆಂದೇ ಹೊರಡಿ, ಒಂದು ರಾತ್ರಿಯಾದರೂ ಅಲ್ಲಿ ಉಳಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಇದಕ್ಕೆ ಮುಖ್ಯ ಕಾರಣ ಅಲ್ಲಿನ ಬಿಸಿಲು. ಡಿಸೆಂಬರಿನಲ್ಲೂ ಬಂಟ್ವಾಳ ತಲುಪುವಷ್ಟರಲ್ಲಿ ಬೆವರು ಇಳಿಯುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಮರಳಿನ ಮೇಲೆ ನಿಲ್ಲುವುದು ಮಲೆನಾಡಿನ ಮೈಗೆ ಆಗದ ಮಾತು. ಕಡಲನ್ನು ಸಂಜೆಗೂ ಮರುದಿನ ಬೆಳಗಿಗೂ ಇಟ್ಟುಕೊಂಡು, ನಡುಹಗಲನ್ನು ನೆರಳಿರುವ ಜಾಗಗಳಿಗೆ ಕೊಡಬೇಕು. ಹೀಗೆ ಹಂಚಿಕೊಂಡರೆ ವಯಸ್ಸಾದವರೂ ದಣಿಯುವುದಿಲ್ಲ.

ದಾರಿ ಸುಮಾರು 150 ಕಿ.ಮೀ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದರೆ ಉಜಿರೆ, ಬೆಳ್ತಂಗಡಿ, ಬಿ.ಸಿ. ರೋಡ್. ಘಾಟಿಯನ್ನು ಹಗಲಿನಲ್ಲೇ ದಾಟಿ. ಮೇಲಿನ ತಿರುವುಗಳಲ್ಲಿ ಮಂಜು ಕವಿದರೆ ಎದುರಿನ ವಾಹನವೇ ಕಾಣುವುದಿಲ್ಲ. 2019ರ ಆಗಸ್ಟ್‌ನ ಮಳೆಗೆ ಇಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಆದ್ದರಿಂದ ಮಳೆಗಾಲವಾದರೆ ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಬೇಕು. ಹಾಸನ, ಸಕಲೇಶಪುರದವರು ಶಿರಾಡಿಯಲ್ಲಿ ಇಳಿಯುತ್ತಾರೆ. ಅವರಿಗೆ ನನ್ನ ಸಲಹೆ ಹಗಲಿನ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಳಿಯಲ್ಲಿ 57 ಸುರಂಗಗಳಿವೆ. ಎಡಕುಮೇರಿಯ ಆಸುಪಾಸಿನ ಕಾಡು ಕಾರಿನಲ್ಲಿ ಹೋಗುವವರಿಗೆ ಸಿಗುವುದೇ ಇಲ್ಲ. ಮಂಗಳೂರು ಜಂಕ್ಷನ್ ಮತ್ತು ಮಂಗಳೂರು ಸೆಂಟ್ರಲ್ ಎರಡು ಬೇರೆ ನಿಲ್ದಾಣಗಳು ಎಂಬುದನ್ನು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ.

ಮೊದಲ ಸಂಜೆ ನೇರವಾಗಿ ಪಣಂಬೂರಿಗೆ ಓಡಬೇಡಿ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಸುಲ್ತಾನನ ಕಾಲದ ಕಾವಲು ಬುರುಜು ಅದು. ನದಿಯ ಮೇಲೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಕಟ್ಟಿದ್ದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಅದರ ಪಕ್ಕದಿಂದ ಗುರುಪುರ ನದಿ ದಾಟಿಸುವ ದೋಣಿ ಸಿಗುತ್ತದೆ. ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿ ಕಡಲತೀರ. ರಸ್ತೆಯಲ್ಲಿ ಕೂಳೂರು ಸೇತುವೆ ಸುತ್ತಿ ಬರಬೇಕಾದ ಜಾಗಕ್ಕೆ ದೋಣಿ ಕೆಲವೇ ನಿಮಿಷಗಳಲ್ಲಿ ತಲುಪಿಸುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ತೆಳ್ಳಗಿನ ಮರಳಿನ ಪಟ್ಟಿ. ನೆಲದ ಈ ವಿನ್ಯಾಸ ಕಾಲ್ನಡಿಗೆಯಲ್ಲಿ ಹೋದವರಿಗೆ ಮಾತ್ರ ಅರ್ಥವಾಗುತ್ತದೆ. ಇದೇ ಪಟ್ಟಿ ದಕ್ಷಿಣಕ್ಕೆ ಬೆಂಗ್ರೆಯಾಗಿ ಮುಂದುವರಿದು ಅಳಿವೆಯಲ್ಲಿ ಮುಗಿಯುತ್ತದೆ. ನಮ್ಮ ಕುದುರೆಮುಖದ ಮಲೆಯಲ್ಲಿ ಹುಟ್ಟಿದ ನೇತ್ರಾವತಿ ಕಡಲು ಸೇರುವುದು ಅಲ್ಲಿಯೇ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿ. ಮಳೆಗಾಲದಲ್ಲಿ ದೋಣಿಯನ್ನು ನಂಬಿಕೊಳ್ಳಬೇಡಿ.

ಪಣಂಬೂರನ್ನು ಮರುದಿನ ಬೆಳಿಗ್ಗೆ ನೋಡಿ. ಜನ ಕಡಿಮೆ, ಮರಳು ತಂಪು, ಬಂದರಿನ ಸರದಿಗೆ ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳು ಸ್ಪಷ್ಟವಾಗಿ ಕಾಣುತ್ತವೆ. ನವ ಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ, ಆದರೆ ಚಿಕ್ಕಮಗಳೂರಿನವರು ಅದನ್ನು ಹೊರಗಿನಿಂದಾದರೂ ಮನಸ್ಸಿಟ್ಟು ನೋಡಬೇಕು. ನಮ್ಮ ತೋಟಗಳ ಕಾಫಿ ಹೊರದೇಶಗಳ ಹಡಗು ಹತ್ತುವುದು ಇಲ್ಲಿ. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆದ ಅದಿರು ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಇಳಿದು ಬರುತ್ತಿದ್ದದ್ದೂ ಇಲ್ಲಿಗೇ. ಮಕ್ಕಳಿಗೆ ಇದನ್ನು ಹೇಳಿದರೆ ಹಡಗನ್ನು ನೋಡುವ ಅವರ ಕಣ್ಣೇ ಬದಲಾಗುತ್ತದೆ.

ನೀರಿಗೆ ಇಳಿಯುವ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕೆರೆಯಲ್ಲಿ, ಭದ್ರಾ ಹೊಳೆಯಲ್ಲಿ ಕಲಿತ ಈಜು ಕಡಲಿಗೆ ಸಾಲುವುದಿಲ್ಲ. ಹಿಂದಿರುಗುವ ನೀರಿನ ಸೆಳೆತ ದಡದ ಹತ್ತಿರವೇ ಇರುತ್ತದೆ, ಮೇಲಿನಿಂದ ನೋಡಿದರೆ ಅಲೆ ಕಡಿಮೆಯಿರುವ ಶಾಂತ ಜಾಗದಂತೆ ಕಾಣುತ್ತದೆ. ಸಿಕ್ಕಿಕೊಂಡರೆ ದಡದತ್ತ ಈಜಲು ಹೆಣಗಬಾರದು; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಂದ ಮೇಲೆ ತಿರುಗಬೇಕು. ಜೀವರಕ್ಷಕರು ಇರುವ ಪಣಂಬೂರಿನಲ್ಲಿಯೂ ಅವರು ತೋರಿಸಿದ ಮಿತಿಯೊಳಗೇ ಇರಿ. ಉಳ್ಳಾಲದ ಆಚೆಯ ಸೋಮೇಶ್ವರಕ್ಕೆ ದೇವಸ್ಥಾನಕ್ಕಾಗಿ, ರುದ್ರಶಿಲೆಯ ಬಂಡೆಗಳಿಗೆ ಅಲೆ ಬಡಿಯುವುದನ್ನು ನೋಡುವುದಕ್ಕಾಗಿ ಹೋಗಿ. ಅಲ್ಲಿ ನೀರಿಗೆ ಇಳಿಯಲೇಬೇಡಿ, ಒದ್ದೆ ಬಂಡೆಯ ಮೇಲೆ ಫೋಟೊಗೆ ನಿಲ್ಲಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ತೀರದಲ್ಲೂ ದಡದಿಂದ ನೋಡುವುದಷ್ಟೇ.

ನಡುಹಗಲಿಗೆ ಪಿಲಿಕುಳ ನಿಸರ್ಗಧಾಮಕ್ಕಿಂತ ಒಳ್ಳೆಯ ಜಾಗವಿಲ್ಲ. ವಾಮಂಜೂರಿನ ಹತ್ತಿರ ಕೆರೆ, ಮರಗಳ ನಡುವೆ ಪ್ರಾಣಿ ಸಂಗ್ರಹಾಲಯ, ತಾರಾಲಯ, ತುಳುನಾಡಿನ ಗುತ್ತಿನ ಮನೆ ಎಲ್ಲವೂ ಒಂದೇ ಆವರಣದಲ್ಲಿವೆ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಗೆ ಹೆಸರಾದ ಜಾಗವಿದು. ಸೋಮವಾರ ರಜೆ, ಆ ದಿನ ಬಿಟ್ಟು ಹೋಗಿ. ಸಮಯ ಉಳಿದರೆ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ಮೇಲೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು, ಕದ್ರಿ ಮಂಜುನಾಥ ದೇವಸ್ಥಾನದಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿ. ಆ ಮೂರ್ತಿಯ ಮುಂದೆ ನನಗೆ ಮಾತೇ ಹೊರಡಲಿಲ್ಲ.

ವಸತಿಯನ್ನು ಹಂಪನಕಟ್ಟೆಯ ಸುತ್ತಮುತ್ತ ಮಾಡಿಕೊಂಡರೆ ಎಲ್ಲ ದಿಕ್ಕಿಗೂ ಸಿಟಿ ಬಸ್ ಸಿಗುತ್ತದೆ; ಕಾರು ಇಲ್ಲದೆಯೂ ಆರಾಮವಾಗಿ ಓಡಾಡಬಹುದು. ಬೆಳಗಿನ ತಿಂಡಿಗೆ ಬನ್ಸ್, ಸಂಜೆಗೆ ಗೋಳಿಬಜೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಂ. ಮೀನಿಗಾಗಿಯೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ ಎಂಬುದನ್ನು ನೆನಪಿಡಿ. ಆಗ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಹೋದರೆ ಅಂಜಲ್, ಕಾಣೆ, ಬಂಗುಡೆ ಮೂರೂ ಒಂದೇ ಊಟದಲ್ಲಿ ಸಿಗುತ್ತವೆ.